ಕ್ಲಚ್ ಮೇಷ್ಟ್ರ ಎಡಗಾಲು

ಊರಿನ ಅರ್ಧ ಜನಕ್ಕೆ ಕಾರು ಕಲಿಸಿದವರು ಅವರು. ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲಡಿಗೆ ಹಾಕಿಸಿದ್ದ ಇನ್ನೊಂದು ಜೋಡಿ ಪೆಡಲ್ ಒತ್ತುತ್ತ, ದಿನವಿಡೀ "ಕ್ಲಚ್, ಕ್ಲಚ್" ಎಂದು ಬಡಬಡಿಸುತ್ತಿದ್ದುದರಿಂದ ಕ್ಲಚ್ ಮೇಷ್ಟ್ರು ಎಂಬ ಹೆಸರು ಅಂಟಿಕೊಂಡಿತ್ತು. ಇಂಜಿನ್ನಿನ ಸದ್ದು ಕುಗ್ಗಿದರೆ ಸಾಕು, ಕಲಿಯುವವರ ಕಾಲಿಗಿಂತ ಮೊದಲು ಅವರ ಎಡಗಾಲೇ ಒತ್ತಿಬಿಡುತ್ತಿತ್ತು.

ಅವರು ಕೆಲಸಕ್ಕೆ ಸೇರಿದ ಕಾಲದ ಕಾರು ಸಣ್ಣದಾದರೂ ಅದರ ಹಟ ದೊಡ್ಡದು. ಬೆಳಗಾದರೆ ಚೋಕ್ ಎಳೆದು ರಮಿಸಬೇಕು, ತಿರುವು ಬಂದರೆ ಸ್ಟೀರಿಂಗ್ ಜೊತೆ ಕುಸ್ತಿಗಿಳಿಯಬೇಕು. ಕಲಿಯಲು ಬರುತ್ತಿದ್ದವರೆಲ್ಲ ಹೊಟ್ಟೆಪಾಡಿನ ಡ್ರೈವರುಗಳು. ಮುಂದೆ ಐದು ಗೇರಿನದು ಬಂತು, ಆಮೇಲೆ ಒಂದೇ ಬೆರಳಿಗೆ ತಿರುಗುವ ಸ್ಟೀರಿಂಗ್, ಒಳಗೆ ತಣ್ಣನೆ ಗಾಳಿ. ಕಂತಿನಲ್ಲಿ ಕೊಳ್ಳುವಂತಾದ ಮೇಲೆ ಗುಮಾಸ್ತರು, ಟೈಲರು, ನರ್ಸುಗಳು ಎಲ್ಲರೂ ಬಂದರು. ಮೇಷ್ಟ್ರು ಪ್ರತಿ ಹೊಸ ಮಾದರಿಗೂ ಮೊದಲು ಮೂಗು ಮುರಿದು, ತಿಂಗಳು ಕಳೆಯುವಷ್ಟರಲ್ಲಿ ಅದನ್ನೇ ಹೊಗಳುತ್ತಿದ್ದರು.

ಕಲಿಯದೆ ಉಳಿದವಳು ಅವರ ಹೆಂಡತಿ ಮಾತ್ರ. ಮದುವೆಯಾದ ಹೊಸದರಲ್ಲೇ ಕೇಳಿದ್ದಳು. ಸ್ಟೀರಿಂಗ್ ಗಟ್ಟಿ, ನಿನ್ನ ಕೈಲಾಗದು ಎಂದರು. ಸ್ಟೀರಿಂಗ್ ಹಗುರಾಯಿತು, ಕ್ಲಚ್ಚು ಗೇರು ಒಟ್ಟಿಗೆ ನಿಭಾಯಿಸಲು ನಿನಗೆ ಬರದು ಎಂದರು. ಕಾರು ಸುಧಾರಿಸಿದಂತೆಲ್ಲ ಇವರು ಹೊಸ ನೆಪ ಹುಡುಕಿದರು. ಬೇರೆಯವರ ಹೆಂಡತಿಯರಿಗೆ ತೋರಿಸುವ ತಾಳ್ಮೆ ಈ ಮಹಾನುಭಾವರಿಗೆ ಮನೆಯಲ್ಲಿರಲಿಲ್ಲ, ಅಷ್ಟೇ.

ಕಳೆದ ವರ್ಷ ಡ್ರೈವಿಂಗ್ ಶಾಲೆಯ ಯಜಮಾನರು ಕ್ಲಚ್ಚೇ ಇಲ್ಲದ ಸಣ್ಣ ಕಾರು ತಂದರು. ಗೇರು ತಾನೇ ಬದಲಾಗುತ್ತದೆ. ಮೇಷ್ಟ್ರ ಕಾಲಡಿಗೆ ಈಗ ಇದ್ದದ್ದು ಬ್ರೇಕ್ ಒಂದೇ. ವಿಷಯ ಕಿವಿಗೆ ಬಿದ್ದ ದಿನ ಹೆಂಡತಿ, "ಈಗೇನಂತೀರಿ?" ಎಂದಳು. ನೆಪಗಳು ಮುಗಿದಿದ್ದವು.

ಅವಳು ಚೆನ್ನಾಗಿಯೇ ಕಲಿತಳು. ಹಾಸಿಗೆ ಹಿಡಿದ ಅವಳ ಅಕ್ಕ ಎರಡು ಬಸ್ಸು ಬದಲಿಸಿ ಹೋಗಬೇಕಾದಷ್ಟು ದೂರದಲ್ಲಿದ್ದಳು. ಹಳೆಯದೊಂದು ಇಂಥದೇ ಕಾರು ಕೊಳ್ಳಬೇಕು, ಮನಸ್ಸು ಬಂದಾಗ ಅಕ್ಕನ ಹತ್ತಿರ ಹೋಗಬೇಕು, ಯಾರನ್ನೂ ಕೇಳಬಾರದು. ಅವಳಿಗೆ ಬೇಕಿದ್ದದ್ದು ಇಷ್ಟೇ.

ಒಂದು ದಿನ ಪೇಟೆಯ ತಿರುವಿನಲ್ಲಿ ಅವಳು ನಿಧಾನಿಸಿದಳು. ಕಾಲು ಬ್ರೇಕಿನ ಮೇಲೆ ಹಗುರಾಗಿತ್ತು. ಇಂಜಿನ್ನಿನ ಸದ್ದು ಕುಗ್ಗಿತು. ಮೇಷ್ಟ್ರ ಎಡಗಾಲು ಅಭ್ಯಾಸಬಲದಿಂದ ಇಲ್ಲದ ಕ್ಲಚ್ಚನ್ನು ಬಲವಾಗಿ ತುಳಿಯಿತು. ಅಲ್ಲಿದ್ದದ್ದು ಬ್ರೇಕು. ಎರಡೂ ಬ್ರೇಕು ಒಂದೇ ಸರಳಿಗೆ ಜೋಡಿಸಿದ್ದರಿಂದ ಅವಳ ಕಾಲಡಿಯ ಪೆಡಲೂ ತಳ ಮುಟ್ಟಿತು. ಕಾರು ಗಕ್ಕನೆ ನಿಂತಿತು, ಹಿಂದಿದ್ದ ವ್ಯಾನು ಬಂದು ಗುದ್ದಿತು.

ಅವಳ ತುಟಿ ಒಡೆದು ರಕ್ತ ಬರುತ್ತಿತ್ತು. ಅವಳು ತನ್ನ ಕಾಲನ್ನೇ ನೋಡುತ್ತ, "ರೀ, ಮೆತ್ತಗೆ ಇಟ್ಟಿದ್ದೆ. ಅಷ್ಟು ಜೋರಾಗಿ ಹೇಗೆ ಒತ್ತಿಬಿಟ್ಟೆ?" ಎಂದಳು.

ನಿಜ ಮೇಷ್ಟ್ರ ನಾಲಿಗೆ ತುದಿಯವರೆಗೆ ಬಂತು. ಅಷ್ಟರಲ್ಲಿ ವ್ಯಾನಿನವನು ಬಾಯಿಗೆ ಬಂದಂತೆ ಬೈಯತೊಡಗಿದ, ಜನ ಸೇರಿದರು, ಸುದ್ದಿ ತಿಳಿದು ಶಾಲೆಯ ಯಜಮಾನರೂ ಬಂದರು. ಏನಾಯ್ತು ಮೇಷ್ಟ್ರೇ ಎಂದು ಕೇಳಿದರು. ಊರಿಗೆಲ್ಲ ಕಲಿಸಿದವನೇ ತಪ್ಪು ತುಳಿದ ಎಂದು ಹೇಳಿಕೊಳ್ಳುವುದು ಹೇಗೆ?

"ಹೊಸಬಳು, ಗಾಬರಿಯಾದಳು," ಎಂದುಬಿಟ್ಟರು. ಅವಳು ಹೌದೆಂದು ತಲೆಯಾಡಿಸಿದಳು.

ಸಂಜೆ ಹೇಳಿಬಿಡೋಣವೆಂದು ಒಳಗೆ ಹೋದರೆ ಅವಳು ಅಕ್ಕನ ಜೊತೆ ಫೋನಿನಲ್ಲಿದ್ದಳು. "ಇಲ್ಲ ಕಣಕ್ಕಾ, ಬಸ್ಸಲ್ಲೇ ಬರ್ತೀನಿ, ಆದಾಗ. ಇವರು ಮೊದಲಿಂದ್ಲೂ ಹೇಳ್ತಾನೇ ಇದ್ರು. ನಂಗೇ ಬುದ್ಧಿ ಇರ್ಲಿಲ್ಲ." ಮೇಷ್ಟ್ರು ಬಂದ ದಾರಿಯಲ್ಲೇ ಹೊರಗೆ ಬಂದರು. ನಾಳೆ ಹೇಳಿದರಾಯಿತು ಎಂದುಕೊಂಡರು. ಆ ನಾಳೆ ಬರಲೇ ಇಲ್ಲ.

ರಿಪೇರಿಯಾಗಿ ಬಂದ ಕಾರಿನಲ್ಲಿ ಈಗ ಎಡಗಾಲನ್ನು ಸೀಟಿನ ಕೆಳಗೆ ಮಡಚಿಟ್ಟುಕೊಂಡು ಕೂರುತ್ತಾರೆ. ಮೊನ್ನೆ ಕಲಿಯಲು ಬಂದ ಹೆಂಗಸೊಬ್ಬಳು, ಇದು ಇಷ್ಟು ಸುಲಭ ಅಂತ ಗೊತ್ತೇ ಇರಲಿಲ್ಲ ಎಂದು ಖುಷಿಪಟ್ಟು, ಮನೆಯಲ್ಲಿ ಅಮ್ಮಾವ್ರೂ ಓಡಿಸ್ತಾರಾ ಎಂದು ವಿಚಾರಿಸಿದಳು.

ಮೇಷ್ಟ್ರು ರಸ್ತೆಯ ಮೇಲಿನ ಕಣ್ಣು ತೆಗೆಯಲಿಲ್ಲ. "ಇಲ್ಲಮ್ಮ, ಅವಳಿಗೆ ಧೈರ್ಯ ಸಾಲದು," ಎಂದರು.