ಲೆಕ್ಕದಾಗಿಲ್ಲದ ಕೂಸು

ನಮ್ಮ ಕಡೆ ಚೊಚ್ಚಲ ಬಾಣಂತನ ತವರುಮನ್ಯಾಗ. ಇದು ಹುಟ್ಟಾ ಎಲ್ಲಾರಿಗೂ ಗೊತ್ತಿದ್ದ ಮಾತು. ಗೊತ್ತಿಲ್ಲದ್ದು ಸರಕಾರದ ಮೊಬೈಲಿಗೆ ಮಾತ್ರ.

ದೇವರ ಹಿಪ್ಪರಗಿ ಹತ್ತಿರದ ಹಳ್ಳ್ಯಾಗ ನಾ ಅಂಗನವಾಡಿ ನಡಸ್ತೇನಿ. ಹೋದ ವರ್ಷ ನಮ್ಮೂರ ಆಯಿ ಒಬ್ಬಾಕಿ ತನ್ನ ಮಗನ ಮೂರು ವರ್ಷದ ಮಗಳನ್ನ ಕರಕೊಂಡು ಬಂದ್ಲು. ಕೂಸು ಒಣಗಿ ಕಡ್ಡಿ ಆಗಿತ್ತು, ತೂಕ ಭಾಳ ಕಮ್ಮಿ. ಮೊದಲ ಇದಕ್ಕ ತತ್ತಿ ಬೇಕು ಅಂತ ಹೆಸರು ಏರಸಾಕ ಹೋದ್ರ ಮೊಬೈಲು ಒಲ್ಲೆ ಅಂತು. ಇದರವ್ವ ಬಸುರಿದ್ದಾಗ ನಿಡಗುಂದಿ ಕಡೆ ತವರಿಗೆ ಹೋಗಿ ಅಲ್ಲೇ ಹೆಸರು ಬರಸಿದ್ಲು. ಬಾಣಂತನ ಮುಗಿಸಿ ಇಲ್ಲಿಗೆ ಬಂದ್ರೂ ಕೂಸಿನ ಹೆಸರು ಅಲ್ಲೇ ಉಳದೈತಿ. ಸರಕಾರ ರೊಕ್ಕ, ಕಾಳು, ತತ್ತಿ ಕೊಡೂದು ಹೆಸರಿನ ಲೆಕ್ಕದ ಮ್ಯಾಲ. ಇಲ್ಲಿ ಹೆಸರಿಲ್ಲ ಅಂದಮ್ಯಾಲ ಇಲ್ಲಿ ತತ್ತಿ ಇಲ್ಲ.

ಅಲ್ಲಿನ ಅಂಗನವಾಡಿ ಅಕ್ಕೋರಿಗೆ ಫೋನ್ ಹಚ್ಚಿ "ಹೆಸರು ಬಿಡ್ರಿ" ಅಂದ್ನಿ. "ಮ್ಯಾಲಿಂದ ಆಗಬೇಕ್ರಿ" ಅಂದ್ರು. ಮ್ಯಾಲಿನ ಮೇಡಂ ಅವರು "ಅಲ್ಲಿಂದ ಬಿಡಬೇಕ್ರಿ" ಅಂದ್ರು. ದೇವರು ಕೊಟ್ಟರೂ ಪೂಜಾರಿ ಕೊಡಂಗಿಲ್ಲ ಅಂತಾರಲ್ಲ, ಇಲ್ಲಿ ಪೂಜಾರಿ ಯಾರು ಅಂತನ ತಿಳೀವಲ್ದು. ಸಿಂದಗಿ ಮೀಟಿಂಗಿಗೆ ಹೋದಾಗೆಲ್ಲ ಕೇಳಿ ಕೇಳಿ ಹೈರಾಣಾದ್ನಿ. ಒಮ್ಮಿ ಸಿಟ್ಟಿಗೆದ್ದು, "ಮೇಡಂ, ಕೂಸು ಇಲ್ಲಿ, ಅದರ ತತ್ತಿ ಅಲ್ಲಿ. ಉಣ್ಣಾಕ ದಿನಾ ಬಸ್ ಹತ್ತಿಸಿ ಕಳಸ್ಲೇನ್ರಿ?" ಅಂದ್ನಿ. ಅವರು ನಕ್ಕು, "ಸ್ವಲ್ಪ ತಡಕೋರಿ" ಅಂದ್ರು. ನಾ ತಡಕೋತೇನಿ, ಕೂಸಿನ ಹೊಟ್ಟಿ ತಡಕೋತೈತೇನು?

ಹಂಗಂತ ಉಪಾಸ ಕೂಡಸಲಿಲ್ಲ. ನಮ್ಮ ಮನಿ ಕೋಳಿ ತತ್ತಿ ಕುದಿಸಿ ಒಯ್ದು ಕೊಡತಿದ್ನಿ. ಆದ್ರ ಊಟದ ಫೋಟೋ ದಿನಾ ಮೊಬೈಲಿನ್ಯಾಗ ಹಾಕಬೇಕು. ಲೆಕ್ಕಕ್ಕಿಂತ ಒಂದು ತಲಿ ಹೆಚ್ಚು ಕಂಡ್ರ ಜವಾಬು ನಾನ ಕೊಡಬೇಕು. ಅದಕ್ಕ ಫೋಟೋ ಹೊತ್ತಿಗೆ, "ನೀ ಜರಾ ಬಾಗಿಲಾಗ ನಿಂದ್ರವಾ" ಅಂತಿದ್ನಿ. ಪಾಪ, ಹೋಗಿ ನಿಂದರತಿತ್ತು. ಹಂಗ ಅನ್ನೂವಾಗೆಲ್ಲ ನನಗ ನನ್ನ ಮ್ಯಾಲೇ ಸಿಟ್ಟು ಬರತಿತ್ತು.

ಸಂಕ್ರಾಂತಿ ಕಳದಮ್ಯಾಲ ಅಂತೂ ಹೆಸರು ಬಂತು. ಯಾರು ಬಿಟ್ರು, ಹೆಂಗ ಬಿಟ್ರು, ಯಾರೂ ಹೇಳಲಿಲ್ಲ. ಆಯಿಗೆ ಹೇಳಿದ್ರ, "ಹಂಗಾರ ನಮ್ಮ ಕೂಸು ಈಗ ಈ ಊರಿಂದು ಆತೇನ್ರಿ ಅಕ್ಕೋರ?" ಅಂದ್ಲು. ಹೌದಬೇ ಅಂದ್ನಿ.

ಮರುದಿನ ಸರಕಾರದ ತತ್ತಿ ಅದರ ತಾಟಿನ್ಯಾಗ ಇಟ್ಟು, ಎಲ್ಲಾ ಹುಡುಗರ ನಡುವ ಕೂಡಿಸಿ, ಮೊಬೈಲ್ ಎತ್ತಿದ್ನಿ. ಕೂಸು ತಾಟು ಅಲ್ಲೇ ಬಿಟ್ಟು ಎದ್ದು ಹೋಗಿ, ಯಾರೂ ಹೇಳದಿದ್ರೂ, ಬಾಗಿಲಾಗ ನಿಂತ್ಕೊಂತು.