ಮೈನಸ್ ನಾಲ್ಕು

ಜೀಡಿಮೆಟ್ಲಾದ ಬಾಡಿಗೆ ಮನೆಯಲ್ಲಿ ಆಗ ನಾವು ಸಂಜೆ ಆರಕ್ಕೇ ಕಿಟಕಿ ಮುಚ್ಚುತ್ತಿದ್ದೆವು. ಆ ಹೊತ್ತಿಗೆ ಕಾರ್ಖಾನೆಗಳ ಕಡೆಯಿಂದ ಕೊಳೆತ ಕೋಸಿನಂಥ ವಾಸನೆ ಬರುತ್ತಿತ್ತು. ಔಷಧ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಅಪ್ಪನ ಅಂಗಿಗೂ ಅದೇ ವಾಸನೆ. ಮುಚ್ಚಿದ ಕಿಟಕಿಗಳ ಒಳಗೆ ಅವ್ವ ರೊಟ್ಟಿ ಬಡಿಯುತ್ತಾ ಹಾಡುತ್ತಿದ್ದಳು.

ನಾನು ಏಳನೇ ತರಗತಿಯಲ್ಲಿದ್ದಾಗ, ಊರು ಬಿಟ್ಟು ಹೊರಟಿದ್ದ ಮಹಡಿ ಮನೆಯವರು ತಮ್ಮ ಹಳೆಯ ಕೀಬೋರ್ಡನ್ನು ನಮಗೆ ಕೊಟ್ಟುಹೋದರು. ಗುಂಡಿ ಒತ್ತಿದರೆ ಪಿಟೀಲು, ಇನ್ನೊಂದು ಒತ್ತಿದರೆ ಕೊಳಲು, ಮತ್ತೊಂದು ಒತ್ತಿದರೆ ನಾಯಿ ಬೊಗಳುವ ಸದ್ದು. ಅವ್ವ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. "ನಮ್ಮ ಭಜನಿಗೆ ನಾಯಿ ಒಂದು ಕಡಿಮಿ ಆಗಿತ್ತು ನೋಡು."

ಪಕ್ಕದ ಓಣಿಯ ತೆಲುಗು ಮೇಷ್ಟ್ರು ಕೀಬೋರ್ಡಿನ ಬಿಳಿ ಮನೆಗಳ ಮೇಲೆ ಸ ರಿ ಗ ಮ ಎಂದು ಚೀಟಿ ಅಂಟಿಸಿ ಪಾಠ ಶುರುಮಾಡಿದರು. ಆದರೆ ಅವ್ವನ ಶ್ರುತಿ ಕರಿ ನಾಕು, ಅಂದರೆ ನಾಲ್ಕನೆಯ ಕಪ್ಪು ಮನೆ. ಅಲ್ಲಿಂದ ಬಾರಿಸಲು ನನಗೆ ಬರುತ್ತಿರಲಿಲ್ಲ. ಮೇಷ್ಟ್ರು ಟ್ರಾನ್ಸ್‌ಪೋಸ್ ಗುಂಡಿ ತೋರಿಸಿದರು. ಪರದೆಯಲ್ಲಿ ಮೈನಸ್ ನಾಲ್ಕು ಇಟ್ಟರೆ ಬೆರಳು ಬಿಳಿ ಮನೆಗಳ ಮೇಲೇ ಇರುತ್ತದೆ, ನಾದ ಮಾತ್ರ ಅವ್ವನ ಶ್ರುತಿಗೆ ಇಳಿಯುತ್ತದೆ. ಕೀಬೋರ್ಡ್ ಆರಿಸಿದರೆ ಮತ್ತೆ ಸೊನ್ನೆ. ಹಾಗಾಗಿ ಹಾಡುವ ಮುಂಚೆ ಅವ್ವ ಪ್ರತಿ ಸಲ ಕೇಳುತ್ತಿದ್ದಳು, "ನಾಕಕ್ಕ ಐತೇನು?" ನಾನು "ಐತವ್ವ" ಎನ್ನುತ್ತಿದ್ದೆ.

ಶ್ರಾವಣ ಸೋಮವಾರಗಳಲ್ಲಿ ನಗರದ ಇನ್ನೊಂದು ಬದಿಯ ತಾರ್ನಾಕದಲ್ಲಿ ನಮ್ಮ ಕಡೆಯ ಕನ್ನಡದ ಹೆಂಗಸರ ಭಜನೆ. ಕೀಬೋರ್ಡನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿ, ಎರಡು ಬಸ್ಸು ಬದಲಿಸಿ ಹೋಗುತ್ತಿದ್ದೆವು. ಅಲ್ಲಿ ಊದುಬತ್ತಿ, ತುಪ್ಪದ ಸಜ್ಜಕದ ವಾಸನೆ. ಎಲ್ಲರಿಗಿಂತ ಮೊದಲು ಅವ್ವ ಎತ್ತಿಕೊಡಬೇಕು, ಉಳಿದವರು ಹಿಂದೆ ಹೇಳಬೇಕು.

ಆ ವರ್ಷದ ಮೊದಲ ಸೋಮವಾರ ಮೇಲಿನ ಷಡ್ಜದಲ್ಲಿ ಅವ್ವನ ದನಿ ಒಡೆಯಿತು. ಅವಳು ಕೆಮ್ಮಿದ ಹಾಗೆ ಮಾಡಿದಳು. ಕೆಲವರು ಮುಖ ತಗ್ಗಿಸಿದರು. ಆ ತಗ್ಗಿದ ಮುಖಗಳನ್ನು ನಾನು ವಾರವಿಡೀ ಮರೆಯಲಿಲ್ಲ.

ಎರಡನೆಯ ಸೋಮವಾರ ಯಾರಿಗೂ ಹೇಳದೆ ಮೈನಸ್ ಐದು ಇಟ್ಟು ಶ್ರುತಿಯನ್ನು ಇನ್ನೊಂದು ಮನೆ ತಗ್ಗಿಸಿದೆ.

"ನಾಕಕ್ಕ ಐತೇನು?"

"ಐತವ್ವ."

ದನಿ ಒಡೆಯಲಿಲ್ಲ. ಮರಳುವ ಬಸ್ಸಿನಲ್ಲಿ ಅವ್ವ ನನ್ನ ತೊಡೆ ತಟ್ಟಿದಳು. "ಜೇನುತುಪ್ಪ ಮೆಣಸು ಕೆಲಸ ಮಾಡಿತು ನೋಡು." ಮನೆಯಲ್ಲಿ ಅಪ್ಪ ದವಾಖಾನೆಯ ಮಾತು ತೆಗೆದಾಗ, "ಯಾಕ್ರಿ? ಈ ಹಾಳು ಗಾಳಿಗೆ ಗಂಟಲ ಹಿಡಿದಿತ್ತು, ಬಿಡ್ತು. ನಿಮ್ಮ ಮಗಳನ್ನ ಕೇಳ್ರಿ" ಎಂದಳು. ಅಪ್ಪ ನನ್ನತ್ತ ನೋಡಿದರು. ನಾನು ತಲೆಯಾಡಿಸಿದೆ.

ನಾಲ್ಕನೆಯ ಸೋಮವಾರ ಮೈನಸ್ ಆರು. ದಸರೆಯ ಹೊತ್ತಿಗೆ ಏಳು. ಮೇಷ್ಟ್ರು ಎಲ್ಲವನ್ನೂ ಬರೆದಿಡಲು ಕಲಿಸಿದ್ದರು. ನಾನು ಪಾಠದ ಪುಸ್ತಕದ ಕೊನೆಯ ಪುಟದಲ್ಲಿ ತಾರೀಖು, ಅದರ ಮುಂದೆ ಅಂಕಿ ಬರೆದಿಡುತ್ತಿದ್ದೆ.

ಆ ದಸರೆಯ ಭಜನೆಯಲ್ಲಿ ಎಲ್ಲರಿಗಿಂತ ಹಿರಿಯರಾದ ಗೌರಕ್ಕ ತಾಳ ಕೆಳಗಿಟ್ಟು ನನ್ನ ಕೀಬೋರ್ಡಿನತ್ತ ನೋಡಿದರು. "ಯಾಕವಾ, ಪೆಟಗಿ ಪಾತಾಳಕ್ಕ ಇಳಿಸೀಯಲ್ಲ? ನಾವೇನು ಗಂಡಸರೇನು, ಇಷ್ಟು ಕೆಳಗ ಹಾಡಾಕ?"

ಹೆಂಗಸರು ನಕ್ಕರು. ಅವ್ವ ನನ್ನ ಕಡೆ ತಿರುಗಿದಳು. "ನಾಕಕ್ಕ ಐತಿಲ್ಲೋ?"

ಪರದೆಗೆ ಅಂಗೈ ಅಡ್ಡ ಹಿಡಿದಿದ್ದೆ. "ಐತವ್ವ."

"ಕೇಳಿದ್ರಿಲ್ಲ ಗೌರಕ್ಕ? ನಿಮ್ಮ ಕಿವಿ ದವಾಖಾನಿಗೆ ತೋರಸ್ರಿ."

ಗೌರಕ್ಕನೂ ನಕ್ಕುಬಿಟ್ಟರು.

ದೀಪಾವಳಿ ಮುಗಿದ ವಾರ ಅವ್ವನಿಗೆ ನೀರು ನುಂಗಲೂ ಕಷ್ಟವಾಯಿತು. ದವಾಖಾನೆಯಲ್ಲಿ ಡಾಕ್ಟರು ಹಿಂದಿಯಲ್ಲಿ ಕೇಳಿದರು, ದನಿ ಎಂದಿನಿಂದ ಹೀಗಿದೆ? ಅಪ್ಪ "ಏಕ್ ಮಹೀನಾ, ಸಾಬ್" ಎಂದರು. ಅವರಿಗೆ ತಿಳಿದಿದ್ದು ಆ ಒಂದು ತಿಂಗಳು ಮಾತ್ರ; ಶ್ರಾವಣದಲ್ಲಿ ಹಿಡಿದ ಗಂಟಲು ಆಗಲೇ ಬಿಟ್ಟಿತ್ತೆಂದು ನಂಬಿದ್ದರು. ಎಂದಿನಿಂದ ಎಂದು ತಾರೀಖಿನ ಸಮೇತ ಗೊತ್ತಿದ್ದವಳು ನಾನೊಬ್ಬಳೇ. ಪುಸ್ತಕ ನನ್ನ ಶಾಲೆಯ ಚೀಲದಲ್ಲೇ ಇತ್ತು. ನಾನು ಚೀಲದ ಬಾಯಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಕೂತಿದ್ದೆ.

ಗಡ್ಡೆ ಬೆಳೆದುಬಿಟ್ಟಿತ್ತು. ಗಂಟಲಿನ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಎರಡು ತಿಂಗಳು ಮುಂಚೆ ಬಂದಿದ್ದರೆ ಬಹುಶಃ ಉಳಿಸಬಹುದಿತ್ತು ಎಂದು ಡಾಕ್ಟರು ಅಪ್ಪನಿಗೆ ಹೇಳುವಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಅಪ್ಪ ತಮ್ಮನ್ನೇ ಬೈದುಕೊಂಡರು. ಈಗಲೂ ಬೈದುಕೊಳ್ಳುತ್ತಾರೆ.

ಈಗ ನಾನು ತಾರ್ನಾಕದ ಹಾಸ್ಟೆಲ್ಲಿನಲ್ಲಿದ್ದು ಎಂ.ಎಸ್ಸಿ. ಓದುತ್ತಿದ್ದೇನೆ. ಭಜನೆ ನಡೆಯುತ್ತಿದ್ದ ಮನೆಯ ಓಣಿ ಬಿಟ್ಟು ಸುತ್ತಿ ಓಡಾಡುತ್ತೇನೆ. ಭಾನುವಾರ ಮನೆಗೆ ಹೋದರೆ ಕಿಟಕಿಗಳು ಆರಕ್ಕೇ ಮುಚ್ಚಿರುತ್ತವೆ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದೊಂದೇ. ನನ್ನನ್ನು ಕರೆಯಬೇಕಾದರೆ ಅವ್ವ ಚಪ್ಪಾಳೆ ತಟ್ಟುತ್ತಾಳೆ.

ಊಟವಾದ ಮೇಲೆ ಕಪಾಟಿನ ಮೇಲಿಂದ ಕೀಬೋರ್ಡ್ ಇಳಿಸುವಂತೆ ಸನ್ನೆ ಮಾಡುತ್ತಾಳೆ. ಚೀಟಿಗಳ ಮೇಲಿನ ಅಕ್ಷರಗಳು ಅಳಿಸಿಹೋಗಿವೆ. ನಾನು ಸ್ವಿಚ್ ಹಾಕಿ ಮೈನಸ್ ನಾಲ್ಕು ಇಡುತ್ತೇನೆ. ಅವ್ವ ನಾಲ್ಕು ಬೆರಳು ಎತ್ತಿ ಹುಬ್ಬು ಹಾರಿಸುತ್ತಾಳೆ.

"ಐತವ್ವ" ಎನ್ನುತ್ತೇನೆ. ಈಗ ಅದು ನಿಜ. ಅವ್ವ ನನ್ನ ಮಾತು ನಂಬಿ, ಕಣ್ಣು ಮುಚ್ಚಿ, ತುಟಿ ತೆರೆಯುತ್ತಾಳೆ.