ಕಣ್ಣು ಮುಚ್ಚಿ ಮಲಗಿದವರ ಮೆದುಳು

ನಮ್ಮ ವಂಶದಲ್ಲಿ ಡಿಗ್ರಿ ಪಡೆದ ಮೊದಲನೆಯವಳು ನಾನು. ಅಮ್ಮ ಪೀಣ್ಯದ ಫ್ಯಾಕ್ಟರಿಯಲ್ಲಿ ಕಸ ಗುಡಿಸಿ ಕೊಡಿಸಿದ ಆ ಡಿಗ್ರಿಗೆ ವೈಟ್‌ಫೀಲ್ಡ್‌ನ ಒಂದು ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತ್ತು. ಕಣ್ಣು ಕಂಡದ್ದಕ್ಕೆ ಮೆದುಳು ಹೇಗೆ ಸ್ಪಂದಿಸುತ್ತದೆಂದು ಎಂಆರ್‌ಐ ಯಂತ್ರದಲ್ಲಿ ಅಳೆಯುವ ಎರಡು ವಿಧಾನಗಳನ್ನು ಹೋಲಿಸಬೇಕಿತ್ತು. ಹಳೆಯದು ರಕ್ತದಲ್ಲಿನ ಆಮ್ಲಜನಕದ ಏರಿಳಿತ ನೋಡುತ್ತಿತ್ತು. ಹೊಸದು ರಕ್ತದ ಹರಿವನ್ನೇ ಅಳೆಯುತ್ತಿತ್ತು. ಒಳಗೆ ಮಲಗಿದವರಿಗೆ ಮಿನುಗುವ ಕಪ್ಪು-ಬಿಳುಪು ಚೌಕಗಳನ್ನು ತೋರಿಸುವುದು, ಅಷ್ಟೆ.

ಒಬ್ಬೊಬ್ಬರನ್ನೂ ಎರಡೂ ವಿಧಾನದಲ್ಲಿ ನೋಡಬೇಕೆಂದು ನಾನು ಹೇಳಿದೆ. ವಿದೇಶದಲ್ಲಿ ಓದಿ ಬಂದ ಬಾಸ್‌ಗೆ ಇಂಥ ಸಣ್ಣ ವಿಷಯಕ್ಕೆ ಪುರುಸೊತ್ತಿರಲಿಲ್ಲ. ಹಳೆಯದಕ್ಕೆ ಎಂಜಿನಿಯರುಗಳು ಮಲಗಿದರು. ಅವರಿಗೆ ಬಾಸ್ ತಾವೇ ಇಂಗ್ಲಿಷಿನಲ್ಲಿ ವಿವರಿಸಿದರು. ಹೊಸದರ ಹೊತ್ತಿಗೆ ಎಂಜಿನಿಯರುಗಳಿಗೆ ಮೀಟಿಂಗ್. ಹಾಗಾಗಿ ಹೌಸ್‌ಕೀಪಿಂಗ್‌ನವರನ್ನು ಮಲಗಿಸಿದರು. ಅವರಿಗೆ ಹೇಳುವ ಕೆಲಸ ಟೆಕ್ನಿಷಿಯನ್‌ಗೆ ಬಿತ್ತು.

ಹೊಸ ವಿಧಾನದಲ್ಲಿ ಹೆಚ್ಚುಕಡಿಮೆ ಏನೂ ಕಾಣಲಿಲ್ಲ. ಬಾಸ್ ಕಾಫಿ ಮುಗಿಯುವುದರೊಳಗೆ ಕಾರಣ ಕಂಡುಹಿಡಿದರು.

"ಇವ್ರಿಗೆಲ್ಲ ಸ್ಕ್ರೀನ್ ನೋಡಿ ಅಭ್ಯಾಸ ಇರಲ್ಲಮ್ಮ. ಬ್ರೈನ್ ಅಷ್ಟು ರೆಸ್ಪಾಂಡ್ ಮಾಡಲ್ಲ. ರಿಪೋರ್ಟಲ್ಲಿ ಹಾಗೇ ಬರ್ದು ಸೈನ್ ಹಾಕು. ನಿನ್ ಜಾಬ್ ಕನ್ಫರ್ಮೇಶನ್ನೂ ಇದೇ ವಾರ ಇದೆ, ಅಲ್ವಾ?"

ಸಹಿ ಹಾಕಿದ್ದರೆ ಅಮ್ಮನ ಮೆದುಳೂ ಆ ಸಾಲಿಗೆ ಸೇರುತ್ತಿತ್ತು. ಯಂತ್ರದಲ್ಲಿ ಮಲಗೆದ್ದು ಬಂದು ಕಾರಿಡಾರ್ ಒರೆಸುತ್ತಿದ್ದ ಹೌಸ್‌ಕೀಪಿಂಗ್ ಅಕ್ಕನ ಬಳಿ ಹೋಗಿ, "ಒಳಗೆ ಚೌಕ ಕಂಡ್ವಾ ಅಕ್ಕ?" ಎಂದು ಕೇಳಿದೆ.

"ಯಾವ ಚೌಕ ಮೇಡಂ? ಕಣ್ ಮುಚ್ಕೊಂಡು ಅಲ್ಲಾಡ್ದಂಗೆ ಮಲ್ಕೋ ಅಂದ್ರು. ಕೊನೆಗಂಟ ಮುಚ್ಕೊಂಡೇ ಇದ್ದೆ. ನಾನೇನ್ ಮೋಸ ಮಾಡಿಲ್ಲ."

ಕೇಳಿದ್ದಕ್ಕೆ ಟೆಕ್ನಿಷಿಯನ್ ತಲೆ ಕೆರೆದುಕೊಂಡ. "ಆಸ್ಪತ್ರೇಲಿದ್ದಾಗಿಂದ ಪೇಶೆಂಟ್‌ಗಳಿಗೆ ಅದೇ ಹೇಳ್ಕೊಂಡ್ ಬಂದಿದೀನಿ ಮೇಡಂ. ಬಾಯಿಗ್ ಬಂದ್ಬಿಡ್ತು."

ಎಲ್ಲರನ್ನೂ ಮತ್ತೆ ಮಲಗಿಸಿ, ಕಣ್ಣು ತೆರೆಸಿ, ಎರಡೂ ವಿಧಾನದಲ್ಲಿ ನೋಡಿದೆವು. ಹಳೆಯದರಲ್ಲಿ ಗುರುತು ಜೋರು. ಹೊಸದರಲ್ಲಿ ಮಂದ, ಆದರೆ ಜಾಗ ಖಚಿತ. ಯಾವ ತಲೆ ಎಂಜಿನಿಯರನದು, ಯಾವುದು ಅಕ್ಕನದು ಎಂದು ಚಿತ್ರ ನೋಡಿ ಹೇಳಲು ವಿದೇಶದ ಓದೂ ನೆರವಿಗೆ ಬರಲಿಲ್ಲ.

ಅಕ್ಕನಿಗೆ ಅವಳ ಚಿತ್ರ ತೋರಿಸಿದೆ. ತಲೆಯ ಹಿಂಭಾಗ ಕೆಂಪಗಿತ್ತು.

"ಕಣ್ ಮುಂದೈತೆ, ಕಾಣೋದು ಹಿಂದ್ಗಡೆನಾ?"

"ಎಲ್ರಿಗೂ ಅಲ್ಲೇ ಅಕ್ಕ."

"ನಿಮ್ ಬಾಸ್‌ಗೂನಾ?" ಎಂದು ಕೇಳಿ, ಬಕೆಟ್ ಎತ್ತಿಕೊಂಡು ಹೋದಳು.

ಬಾಸ್ ತಾವು ಹೇಳಿದ್ದ ಕಾರಣವನ್ನು ಕೈಬಿಟ್ಟು, ವರದಿಯಲ್ಲಿ 'ಸೂಚನಾ ಕ್ರಮವನ್ನು ಪರಿಷ್ಕರಿಸಲಾಯಿತು' ಎಂದು ಬರೆಸಿದರು. ಆಗ ಸಹಿ ಹಾಕಿದೆ. ನನ್ನ ಕನ್ಫರ್ಮೇಶನ್ ಮೂರು ತಿಂಗಳು ಮುಂದಕ್ಕೆ ಹೋಯಿತು. ಪತ್ರದಲ್ಲಿ ಕಾರಣವನ್ನೂ ಕೊಟ್ಟಿದ್ದರು: ಸೂಚನೆಗಳನ್ನು ಹೇಳಿದ ಹಾಗೆ ಪಾಲಿಸುವುದಿಲ್ಲ.